ಜೀರಿಗೆಯ ಹೊಟ್ಟೆ: ಒಂದೇ ಬೋರ್ಡು, ಎರಡು ಫಾಲ್ಟು

ನಮ್ಮ ನಾಯಿಯ ಹೆಸರು ಜೀರಿಗೆ. ಮೈಬಣ್ಣ ನೋಡಿ ಇಟ್ಟ ಹೆಸರು. ತಿಂದದ್ದೊಂದೂ ಜೀರ್ಣವಾಗದ ನಾಯಿಗೆ ಈ ಹೆಸರೇ ಬಂದದ್ದು ಬರೀ ಗ್ರಹಚಾರ. ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಯಲ್ಲೇ ಹುಟ್ಟಿದವಳು. ಮೂರು ವರ್ಷ, ಮರಿಯಾಗದ ಹಾಗೆ ಆಪರೇಷನ್ ಆಗಿದೆ, ಸರಿಯಾಗಿದ್ದಾಗ ತೂಕ 16 ಕಿಲೋ.

ನಾನು ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡುವವನು. ಅಂಗಡಿಯಲ್ಲಿ ಪ್ರತಿ ಸೆಟ್ಟಿಗೂ ಒಂದು ಜಾಬ್ ಕಾರ್ಡ್ ಇರುತ್ತದೆ. ಬಂದ ತಾರೀಖು, ಕಂಪ್ಲೇಂಟು, ಏನು ಬದಲಿಸಿದೆ, ಬದಲಿಸಿದ ಮೇಲೆ ಏನಾಯಿತು. ಇದು ಜೀರಿಗೆಯ ಜಾಬ್ ಕಾರ್ಡು. ಆರು ತಿಂಗಳದ್ದು. ಅದರಲ್ಲಿ ಮೊದಲ ಎರಡು ತಿಂಗಳು ಖಾಲಿ, ಯಾಕೆಂದರೆ ಆಗ ನಾನು ಏನೂ ಬರೆದಿಡಲಿಲ್ಲ. ನೆನಪಿನಿಂದ ತುಂಬಿಸುತ್ತಿದ್ದೇನೆ.

ಆಗಸ್ಟ್, ಸೆಪ್ಟೆಂಬರ್

ಶುರುವಾದದ್ದು ಮಳೆಗಾಲದ ನಡುವೆ. ಒಂದು ದಿನ ಭೇದಿ, ಮರುದಿನ ಸರಿ, ಮತ್ತೆ ಭೇದಿ. ಬೀದಿ ನಾಯಿ ತಾನೇ, ಹೊರಗೆ ಏನೋ ತಿಂದಿರಬೇಕು ಅಂತ ಸುಮ್ಮನಿದ್ದೆವು. ಹತ್ತು ದಿನವಾದರೂ ನಿಲ್ಲಲಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ಕೆರೆಯುತ್ತಿದ್ದಳು. ಹೊಟ್ಟೆಯ ಗುಳುಗುಳು ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು.

ಅಮ್ಮ ತಮ್ಮ ವೈದ್ಯ ಶುರು ಮಾಡಿದರು. ಮಜ್ಜಿಗೆಗೆ ಮೆಂತ್ಯ. ಆಮೇಲೆ ದಾಳಿಂಬೆ ಸಿಪ್ಪೆಯ ಕಷಾಯ, ಅದನ್ನು ಜೀರಿಗೆ ಮೂಸಿ ನೋಡಿ ಕುರ್ಚಿಯ ಕೆಳಗೆ ಹೋಗಿ ಕೂತಳು. ಆಮೇಲೆ ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ದೃಷ್ಟಿ. "ಗೇಟ್ ಹತ್ರ ಎಲ್ಲರೂ ನೋಡಿ ನೋಡಿ ಹೋಗ್ತಾರೆ ಕಣೋ, ಅದಕ್ಕೇ," ಅಂದರು. ನಾನು ನಗಲಿಲ್ಲ. ಆ ಹೊತ್ತಿಗೆ ನನ್ನ ವೈದ್ಯವೂ ಅದಕ್ಕಿಂತ ಏನೂ ಮೇಲಿರಲಿಲ್ಲ.

ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆ. ಮೆಟ್ರೋನಿಡಜೋಲ್ ಅನ್ನುವ ಆಂಟಿಬಯಾಟಿಕ್ ಸಿರಪ್ ಕೊಟ್ಟರು. ಎರಡೇ ದಿನದಲ್ಲಿ ನಿಂತಿತು. ಔಷಧಿ ಮುಗಿದ ನಾಲ್ಕನೇ ದಿನ ಮತ್ತೆ ಶುರು. ಮತ್ತೆ ಹೋದೆ, ಮತ್ತೆ ಅದೇ ಸಿರಪ್. ಮೂರನೇ ಸಲವೂ ಅದೇ. ಮಲ ಪರೀಕ್ಷೆಯ ಮಾತು ಯಾರೂ ಎತ್ತಲಿಲ್ಲ, ನನಗೂ ಹೊಳೆಯಲಿಲ್ಲ. ಫ್ಯೂಸ್ ಹೋಯಿತು, ಹೊಸ ಫ್ಯೂಸ್ ಹಾಕು, ಮತ್ತೆ ಹೋಯಿತು, ಮತ್ತೆ ಹಾಕು. ಅಂಗಡಿಯಲ್ಲಿ ನನ್ನ ಹುಡುಗ ಹೀಗೆ ಮಾಡಿದ್ದರೆ ಬೈಯುತ್ತಿದ್ದೆ.

ನಡುವೆ ನಾನೇ ಮಾಡಿದ ಕಿತಾಪತಿ ಬೇರೆ. ಒಂದೇ ವಾರದಲ್ಲಿ ಪ್ಯಾಕೆಟ್ ಊಟದ ಬ್ರ್ಯಾಂಡ್ ಬದಲಿಸಿದೆ, ಸಿಹಿಗುಂಬಳ ಸೇರಿಸಿದೆ, ಪ್ರೋಬಯಾಟಿಕ್ ಪುಡಿ ಸೇರಿಸಿದೆ, ಮೊಸರನ್ನ ಕೊಟ್ಟೆ. ಒಂದು ದಿನ ಸ್ವಲ್ಪ ಗಟ್ಟಿಯಾಯಿತು. ಯಾವುದರಿಂದ? ದೇವರಿಗೇ ಗೊತ್ತು. ಪಕ್ಕದ ಮನೆಯವರು ಮನುಷ್ಯರಿಗೆ ಕೊಡುವ ಲೋಪೆರಮೈಡ್ ಮಾತ್ರೆ ತಂದುಕೊಟ್ಟರು. ಅದನ್ನು ಮಾತ್ರ ಕೊಡಲಿಲ್ಲ, ಪುಣ್ಯ. ಒಳಗೆ ಸೋಂಕು ಇದ್ದಾಗ ಭೇದಿಯನ್ನು ಹೀಗೆ ಕಟ್ಟಿ ಹಾಕಬಾರದು, ಕೆಲವು ತಳಿಗಳಿಗಂತೂ ಆ ಮಾತ್ರೆ ವಿಷವೇ ಆಗುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು.

ಅಕ್ಟೋಬರ್ ಮೊದಲ ವಾರ. ತೂಕ 14.2

ಹತ್ತಿರ ಹತ್ತಿರ ಎರಡು ಕಿಲೋ ಇಳಿದಿದ್ದಳು. ಪಕ್ಕೆಲುಬು ಎಣಿಸಬಹುದಿತ್ತು. ಬೇರೆ ಡಾಕ್ಟರ್ ಹತ್ತಿರ ಹೋದೆ. ಮೂರು ಆಟೋದವರು ನಾಯಿ ನೋಡಿ ಮುಂದೆ ಹೋದರು. ನಾಲ್ಕನೆಯವರು ಬೆಡ್‌ಶೀಟ್ ಹಾಸಿದರೆ ಸರಿ ಅಂದರು.

ಈ ಡಾಕ್ಟರ್ ಔಷಧಿ ಬರೆಯುವ ಮೊದಲು ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದರು. ದಿನಕ್ಕೆ ಎಷ್ಟು ಸಲ? ಒಂದೊಂದು ಸಲವೂ ಜಾಸ್ತಿ ಹೋಗುತ್ತಾಳಾ, ಸ್ವಲ್ಪ ಸ್ವಲ್ಪವಾ? ಲೋಳೆ ಇದೆಯಾ? ರಕ್ತ? ತಿಣುಕುತ್ತಾಳಾ? ವಾಂತಿ? ಈ ಪ್ರಶ್ನೆಗಳಿಗೆ ಅರ್ಥವಿದೆ. ಜಾಸ್ತಿ ಪ್ರಮಾಣ, ತೂಕ ಇಳಿಕೆ ಇದ್ದರೆ ತೊಂದರೆ ಹೆಚ್ಚಾಗಿ ಸಣ್ಣ ಕರುಳಿನಲ್ಲಿ. ಸ್ವಲ್ಪ ಸ್ವಲ್ಪ, ಪದೇ ಪದೇ, ಲೋಳೆ, ತಿಣುಕುವುದು ಇದ್ದರೆ ದೊಡ್ಡ ಕರುಳು. ಜೀರಿಗೆಗೆ ಎರಡೂ ಇತ್ತು.

"ಮೂರು ವಾರ ದಾಟಿದ ಭೇದಿಗೆ ಸುಮ್ನೆ ಔಷಧಿ ಬದಲಿಸ್ತಾ ಹೋಗಬಾರದು. ಒಂದೊಂದೇ ತೆಗೆದು ಹಾಕ್ತಾ ಬರೋಣ. ನೀವು ಬರೆದಿಡ್ತೀರಾ?" ಅಂದರು.

ನಾನು ಜಾಬ್ ಕಾರ್ಡ್ ವಿಷಯ ಹೇಳಿದೆ. ನಕ್ಕರು. ಒಂದರಿಂದ ಏಳರವರೆಗಿನ ಚಿತ್ರಗಳಿದ್ದ ಹಾಳೆ ಕೊಟ್ಟರು, ಮಲದ ಗಟ್ಟಿತನಕ್ಕೆ ನಂಬರ್. 1 ಅಂದರೆ ಒಣಗಿದ ಉಂಡೆ. 2 ಸರಿಯಾದದ್ದು, 3 ಇದ್ದರೂ ನಡೆಯುತ್ತದೆ. 7 ಅಂದರೆ ನೀರು. ಅದನ್ನು ಮನೆಯ ಫ್ರಿಜ್ಜಿಗೆ ಅಂಟಿಸಿದೆ. ನಂಬರ್ ನೆನಪಿರಲ್ಲ ಅಂತ ನಾನು ಅದರ ಪಕ್ಕ ಪೆನ್ನಲ್ಲಿ ಬರೆದೆ: 7 ತಿಳಿಸಾರು, 6 ದೋಸೆ ಹಿಟ್ಟು, 5 ಇಡ್ಲಿ ಹಿಟ್ಟು, 4 ಉಪ್ಪಿಟ್ಟು, 2 ಕಡುಬು. ಅಮ್ಮ ನೋಡಿ ಆ ಹಾಳೆಯನ್ನು ಕಿತ್ತು ಶೂ ರ‍್ಯಾಕ್ ಮೇಲೆ ಅಂಟಿಸಿದರು. ಆ ವಾರ ತಿಂಡಿಗೆ ಬರೀ ಚಪಾತಿ.

ಅಂದೇ ರಕ್ತ ಪರೀಕ್ಷೆ ಆಯಿತು. ಇಲ್ಲಿ ನಾಯಿ ಮೈಗೆ ಅಂಟುವ ಉಣ್ಣೆ ಹುಳು ಜಾಸ್ತಿ, ಹಾಗಾಗಿ ಉಣ್ಣೆ ಜ್ವರ ಇದೆಯಾ ಅಂತಲೂ ನೋಡಿದರು. ಇಲ್ಲ. ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಸರಿಯಿತ್ತು. ಅದು ಇಳಿದಿದ್ದರೆ ಕರುಳಿನಿಂದ ಪ್ರೋಟೀನ್ ಸೋರುತ್ತಿರಬಹುದು ಅಂತ ಅರ್ಥ, ಆಗ ಕಾಯುವ ಮಾತೇ ಇಲ್ಲ. ಬಿ12 ಕಡಿಮೆ. ಅದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೀರಿಕೊಳ್ಳುವ ವಿಟಮಿನ್, ಕರುಳು ಕೆಟ್ಟಾಗ ಇಳಿಯುತ್ತದೆ. ಇಳಿದರೆ ಊಟವೂ ಸೇರುವುದಿಲ್ಲ. ವಾರಕ್ಕೊಂದರಂತೆ ಆರು ಇಂಜೆಕ್ಷನ್ ಬರೆದರು.

ಮಲ ಪರೀಕ್ಷೆ: ಮೊದಲ ಫಾಲ್ಟು

ಮೊದಲ ಸ್ಯಾಂಪಲ್‌ನಲ್ಲಿ ಏನೂ ಸಿಗಲಿಲ್ಲ. ನಾನು ಖುಷಿಪಟ್ಟೆ. ಡಾಕ್ಟರ್ ಪಡಲಿಲ್ಲ. ಇನ್ನೂ ಎರಡು ಬೇಕು, ಒಂದು ದಿನ ಬಿಟ್ಟು ಒಂದು ದಿನ, ಅಂದರು. ಜಿಯಾರ್ಡಿಯಾ ಅನ್ನುವ ಪರಾವಲಂಬಿ ದಿನವೂ ಹೊರಗೆ ಬರುವುದಿಲ್ಲವಂತೆ. ನೀವು ನೋಡಿದ ದಿನ ಅದು ರಜೆಯಲ್ಲಿರಬಹುದು. ನಮ್ಮಲ್ಲೂ ಹಾಗೇ, ಅಂಗಡಿಗೆ ತಂದಾಗ ಯುಪಿಎಸ್ ಸರಿಯಾಗೇ ಓಡುತ್ತದೆ, ಮನೆಗೆ ಹೋದರೆ ಟ್ರಿಪ್.

ಬೆಳಗ್ಗೆ ಆರಕ್ಕೆ ಸಣ್ಣ ಡಬ್ಬಿ ಹಿಡಿದು ರಾಮಾಂಜನೇಯ ಗುಡ್ಡದ ಹತ್ತಿರ ನಾಯಿಯ ಹಿಂದೆ ಓಡುವುದು ಅಷ್ಟು ಗೌರವದ ಕೆಲಸವಲ್ಲ. ವಾಕಿಂಗ್ ಬರುವ ಹಿರಿಯರೊಬ್ಬರು ಎರಡು ದಿನ ನೋಡಿ, ಮೂರನೇ ದಿನ "ಏನಪ್ಪಾ, ಏನಾದರೂ ನುಂಗಿದೆಯಾ? ಚಿನ್ನದ್ದಾ?" ಅಂತ ಕೇಳಿದರು.

ಮೂರನೇ ಸ್ಯಾಂಪಲ್‌ಗೆ ಕಿಟ್ ಟೆಸ್ಟ್ ಕೂಡ ಮಾಡಿದರು. ಜಿಯಾರ್ಡಿಯಾ ಇತ್ತು.

ಫೆನ್‌ಬೆಂಡಜೋಲ್ ಮಾತ್ರೆ ಐದು ದಿನ, ತೂಕ ನೋಡಿ ಡಾಕ್ಟರ್ ಲೆಕ್ಕ ಹಾಕಿ ಕೊಟ್ಟರು. ಮಾತ್ರೆ ಕೊಡುವುದು ಸುಲಭ. ಕಷ್ಟವಿರುವುದು ಮನೆ ತೊಳೆಯುವುದರಲ್ಲಿ. ಇದರ ಸಿಸ್ಟ್‌ಗಳು, ಅಂದರೆ ಮೊಟ್ಟೆಯ ಹಾಗೆ ಗಟ್ಟಿ ಕವಚ ಇರುವ ರೂಪ, ಮಲದಲ್ಲಿ ಬಂದು ಹಿಂಗಾಲಿನ ಕೂದಲಿಗೆ ಅಂಟಿಕೊಳ್ಳುತ್ತವೆ. ನಾಯಿ ನೆಕ್ಕುತ್ತದೆ, ಮತ್ತೆ ಒಳಗೆ. ತಂಪು, ತೇವ ಇದ್ದ ಕಡೆ ವಾರಗಟ್ಟಲೆ ಉಳಿಯುತ್ತವೆ. ಬಿಸಿಲು, ಕುದಿನೀರು ತಾಗಿದರೆ ಸಾಯುತ್ತವೆ. ಹಾಗಾಗಿ ಮಲವನ್ನು ಆಗಲೇ ಎತ್ತುವುದು, ತಟ್ಟೆಗೆ ದಿನಾ ಕುದಿನೀರು, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆದು ತಾರಸಿಯಲ್ಲಿ ಒಣಗಿಸುವುದು, ಕೊನೆಯ ದಿನ ಶಾಂಪೂ ಹಾಕಿ ಸ್ನಾನ, ಅದರಲ್ಲೂ ಹಿಂಭಾಗ. ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಬಿಸಿಲು ಎಲ್ಲಿಂದ ತರುವುದು? ಮೂರು ದಿನ ಇಸ್ತ್ರಿ ಪೆಟ್ಟಿಗೆ ಹಿಡಿದೆ.

ಎಲ್ಲಿಂದ ಬಂತೋ. ನಮ್ಮ ರಸ್ತೆಯಲ್ಲಿ ಪೈಪ್ ಹಾಕಲು ಅಗೆದ ಗುಂಡಿ ಎರಡು ತಿಂಗಳಿಂದ ಹಾಗೇ ಇತ್ತು. ಅದರ ನೀರನ್ನು ಜೀರಿಗೆ ಕುಡಿಯುತ್ತಿದ್ದುದನ್ನು ನಾನೇ ನೋಡಿದ್ದೆ.

ಕಾರ್ಡಿನಲ್ಲಿ ಆ ಹತ್ತು ದಿನದ ನಂಬರ್: 6, 6, 5, 5, 4, 4, 5, 4, 4, 5. ಇಳಿಯಿತು, ಆದರೆ ನಾಲ್ಕರ ಕೆಳಗೆ ಬರಲಿಲ್ಲ. ಮತ್ತೆ ಮಲ ಪರೀಕ್ಷೆ, ಈ ಸಲ ಏನೂ ಇಲ್ಲ.

ಇಲ್ಲಿ ನನಗೆ ಹಳೆಯ ಕೆಲಸ ನೆನಪಾಯಿತು. ಒಂದು ಕೆಪಾಸಿಟರ್ ಉಬ್ಬಿರುತ್ತದೆ, ಬದಲಿಸುತ್ತೀರಿ, ಸೆಟ್ ಅರ್ಧ ಸರಿ ಹೋಗುತ್ತದೆ. ಹೊಸ ಕೆಪಾಸಿಟರ್ ಕೆಟ್ಟದ್ದು ಅಂತ ಮತ್ತೆ ಅದನ್ನೇ ಬದಲಿಸುತ್ತಾ ಕೂತರೆ ದಿನ ಹೋಯಿತು. ಬೋರ್ಡಿನಲ್ಲಿ ಇನ್ನೊಂದು ಫಾಲ್ಟ್ ಇರುತ್ತದೆ.

ಕೋಳಿ ಅನ್ನ

ಈ ದಿನಗಳಲ್ಲೆಲ್ಲ ಅವಳ ಊಟ ಬೇಯಿಸಿದ ಕೋಳಿ ಮತ್ತು ಅನ್ನ. ಹೊಟ್ಟೆ ಕೆಟ್ಟ ನಾಯಿಗೆ ಊರೆಲ್ಲ ಹೇಳುವುದು ಇದನ್ನೇ. ನಮ್ಮದು ಸಸ್ಯಾಹಾರದ ಮನೆ. ತಾರಸಿಯಲ್ಲಿ, ನೀರಿನ ಟ್ಯಾಂಕಿನ ಕೆಳಗೆ, ಹಳೆಯ ಇಂಡಕ್ಷನ್ ಸ್ಟೌ, ಬೇರೆ ಕುಕ್ಕರ್ ಇಟ್ಟಿದ್ದೆ. ಅಮ್ಮ "ಔಷಧಿ ತಾನೇ, ಮಾಡ್ಕೋ. ಕೆಳಗೆ ಮಾತ್ರ ತರಬೇಡ," ಅಂತ ಒಪ್ಪಿದ್ದರು.

ಡಾಕ್ಟರ್ ಕಾರ್ಡ್ ನೋಡುತ್ತಾ ಒಂದು ಮಾತು ಕೇಳಿದರು. "ಈ ಹಿಂದೆ ತಿಂತಿದ್ದ ಪ್ಯಾಕೆಟ್ ಯಾವುದು?" ಚಿಕನ್. "ಬದಲಿಸಿದ್ದು?" ಅದೂ ಚಿಕನ್. "ಟ್ರೀಟ್?" ಒಣಗಿಸಿದ ಚಿಕನ್ ತುಂಡು. "ಈಗ?"

ಹುಟ್ಟಿದ ಮೇಲೆ ಅವಳು ಕೋಳಿ ಇಲ್ಲದ ಒಂದು ದಿನವನ್ನೂ ಕಂಡಿರಲಿಲ್ಲ. ಅವಳಿಗೆ ಅದು ಒಗ್ಗದಿದ್ದರೆ, ನಾನು ಎರಡು ತಿಂಗಳಿಂದ ಔಷಧಿ ಅಂತ ಕೊಡುತ್ತಿದ್ದದ್ದೇ ರೋಗ. ನಾಯಿಗಳಲ್ಲಿ ಇಂಥ ತೊಂದರೆ ಹೆಚ್ಚಾಗಿ ತರುವ ಆಹಾರಗಳ ಪಟ್ಟಿಯಲ್ಲಿ ದನದ ಮಾಂಸ, ಹಾಲು, ಕೋಳಿ, ಗೋಧಿ ಮುಂದಿವೆ. ಹೊಸ ಆಹಾರಕ್ಕಲ್ಲ, ದಿನಾ ತಿನ್ನುವುದಕ್ಕೇ ಮೈ ತಿರುಗಿ ಬೀಳುತ್ತದೆ. ರಕ್ತ ಪರೀಕ್ಷೆಯಲ್ಲೇ ಇದು ಗೊತ್ತಾಗುವುದಿಲ್ಲವಾ ಅಂದೆ. ಆಹಾರದ ಅಲರ್ಜಿಗೆ ಅಂತ ಮಾರುವ ಟೆಸ್ಟ್‌ಗಳನ್ನು ನಂಬಲು ಬರುವುದಿಲ್ಲ, ತೆಗೆದು ನೋಡುವುದೊಂದೇ ದಾರಿ ಅಂದರು.

ಎರಡು ದಾರಿ ಇತ್ತು. ಒಂದು, ಪ್ರೋಟೀನನ್ನು ಚೂರು ಚೂರು ಮಾಡಿ ಮೈಗೆ ಗುರುತು ಸಿಗದ ಹಾಗೆ ಮಾಡಿದ ಹೈಡ್ರೊಲೈಸ್ಡ್ ಪ್ಯಾಕೆಟ್ ಊಟ. ಅದು ಹೆಚ್ಚು ನಂಬಿಕೆಯದ್ದು, ಆದರೆ ಬೆಲೆ ಕೇಳಿ ನಾನು ಕುರ್ಚಿ ಹಿಡಿದುಕೊಂಡೆ. ಇನ್ನೊಂದು, ಅವಳು ಈವರೆಗೆ ತಿನ್ನದೇ ಇದ್ದ ಮಾಂಸ. ಹಾಲು, ಮೊಸರು ಆಗಲೇ ನಿಂತಿತ್ತು. "ಅನ್ನ ಹಾಗೇ ಇರಲಿ. ಕೋಳಿ ಮಾತ್ರ ತೆಗೆದು ಮೀನು ಹಾಕಿ. ಎರಡು ವಾರದಲ್ಲಿ ಏನಾದರೂ ಕಾಣಬೇಕು. ಕಾಣದಿದ್ದರೆ ಹೈಡ್ರೊಲೈಸ್ಡ್, ಆಮೇಲೂ ಇಲ್ಲದಿದ್ದರೆ ಮೇದೋಜೀರಕದ ಟೆಸ್ಟು, ಕಾರ್ಟಿಸಾಲ್ ಅನ್ನುವ ಹಾರ್ಮೋನಿನ ಟೆಸ್ಟು, ಸ್ಕ್ಯಾನಿಂಗ್, ಎಂಡೋಸ್ಕೋಪಿ," ಅಂದರು.

ಮೀನು

ಮುಳ್ಳಿಲ್ಲದ ಬಾಸಾ ಆರಿಸಿಕೊಂಡೆ. ಕೊಬ್ಬು ಕಡಿಮೆ, ಬಂಗುಡೆಯ ಹಾಗೆ ಜಿಡ್ಡಿಲ್ಲ. ಲೆಕ್ಕ ಹೀಗೆ. ನಾಯಿಯ ತೂಕದ 0.75 ಘಾತವನ್ನು 70ರಿಂದ ಗುಣಿಸಿದರೆ ಸುಮ್ಮನೆ ಮಲಗಿರಲು ಬೇಕಾದ ಕ್ಯಾಲೊರಿ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ತೂಕ × ತೂಕ × ತೂಕ ಮಾಡಿ ಎರಡು ಸಲ ವರ್ಗಮೂಲ ತೆಗೆದರೆ ಆ ಘಾತ ಸಿಗುತ್ತದೆ. 16 ಕಿಲೋಗೆ ಅದು ಸರಿಯಾಗಿ 8, ಅಂದರೆ 560. ಆಪರೇಷನ್ ಆದ, ಓಡಾಡುವ ದೊಡ್ಡ ನಾಯಿಗೆ ಅದರ 1.6 ಪಟ್ಟು, ಹತ್ತಿರ ಹತ್ತಿರ 900. ಹಸಿ ಮೀನು 400 ಗ್ರಾಂ, ಬೆಂದ ಅನ್ನ 350 ಗ್ರಾಂ, ಎಣ್ಣೆ ಎರಡು ಸಣ್ಣ ಚಮಚ. ದಿನಕ್ಕೆ ಮೂರು ಹೊತ್ತು. ಉಪ್ಪಿಲ್ಲ, ಈರುಳ್ಳಿ ಬೆಳ್ಳುಳ್ಳಿ ಅಂತೂ ಇಲ್ಲವೇ ಇಲ್ಲ, ಅವು ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಇದು ಜೀರಿಗೆಯ ಲೆಕ್ಕ, ನಿಮ್ಮ ನಾಯಿಗೆ ನಿಮ್ಮ ಡಾಕ್ಟರ್ ಹಾಕಿಕೊಡಲಿ. ಇದು ತಿಂಗಳುಗಟ್ಟಲೆ ಮುಂದುವರಿಸುವ ಊಟವೂ ಅಲ್ಲ. ಬರೀ ಮಾಂಸ ಅನ್ನದಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇರುವುದಿಲ್ಲ. ಮೂರನೇ ವಾರದಿಂದ ಕ್ಯಾಲ್ಸಿಯಂ, ವಿಟಮಿನ್ ಪುಡಿ ಸೇರಿಸಿದರು.

ಎರಡನೇ ದಿನವೇ ಅವಾಂತರ. ಬೆಂದ ಮೀನನ್ನು ತಾರಸಿಯ ಗೋಡೆ ಮೇಲೆ ಆರಲು ಇಟ್ಟು ಫೋನ್ ತೆಗೆದುಕೊಂಡೆ. ಹದ್ದು. ರೆಕ್ಕೆ ನನ್ನ ಕಿವಿಗೇ ತಾಗಿತು. ಅರ್ಧ ಮೀನು ಆಕಾಶದಲ್ಲಿ, ಇನ್ನರ್ಧ ಪಕ್ಕದ ಮನೆಯ ಸಂಡಿಗೆ ಹಾಳೆಯ ಮೇಲೆ. ಆ ಮನೆಯವರಿಗೆ ಅಮ್ಮ ಏನು ಹೇಳಿ ಸಮಾಧಾನ ಮಾಡಿದರೋ, ನನಗೆ ಹೇಳಿಲ್ಲ.

ನಂಬರ್: 5, 4, 4, 4, 3, 4, 3, 3. ಒಂಬತ್ತನೇ ದಿನ 2.

ಫೋಟೋ ತೆಗೆದು ಡಾಕ್ಟರ್‌ಗೆ ಕಳಿಸಿದೆ. ಅಮ್ಮನಿಗೂ ಕಳಿಸಿಬಿಟ್ಟೆ, ಅದು ತಪ್ಪಾಯಿತು.

ಪರಿಷೆ

ನವೆಂಬರ್‌ನಲ್ಲಿ ಬಾಯಿಗೆ ಬುಟ್ಟಿ ಹಾಕಿಸಿ ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದೆ. ಬುಟ್ಟಿಯ ಹಾಗಿರುವ ಮಝಲ್, ಒಳಗೆ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು, ನೆಲದ್ದು ಹೆಕ್ಕಲಾಗದು. ಜನ ಕಚ್ಚುವ ನಾಯಿ ಅಂದುಕೊಂಡು ಫುಟ್‌ಪಾತ್ ಬಿಟ್ಟು ಇಳಿಯುತ್ತಿದ್ದರು. ನಮ್ಮ ಜೀರಿಗೆ ಜಿರಳೆಗೂ ಹೆದರುವವಳು.

ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಬಸವನಗುಡಿಯ ಆ ರಸ್ತೆ ತುಂಬ ಕಡಲೆಕಾಯಿ ರಾಶಿ, ಬಜ್ಜಿ ಬಾಣಲೆ, ಎಣ್ಣೆ ಕಾಗದ. ನಮ್ಮ ಮನೆಯ ಮುಂದಿನವರೆಗೂ ಸಿಪ್ಪೆ ಬರುತ್ತದೆ. ಮಂಗಳವಾರ ಬೆಳಗ್ಗೆ ಅಮ್ಮ ಗೇಟ್ ತೆರೆದು ರಂಗೋಲಿ ಹಾಕುತ್ತಿದ್ದಾಗ ಜೀರಿಗೆ ಹೊರಗೆ ಜಿಗಿದಳು. ಬುಟ್ಟಿ ಇರಲಿಲ್ಲ. ಐದೇ ನಿಮಿಷ.

ಬುಧವಾರ 6. ಗುರುವಾರ 5. ಒಂದು ತಿಂಗಳ ಕೆಲಸ ನೀರಲ್ಲಿ ಹೋಯಿತು ಅಂತ ಕೂತೆ. ಡಾಕ್ಟರ್ ಮಾತ್ರ ಕೇಳಿದ್ದು ಮೂರೇ. ಮಲ ಕಪ್ಪಗೆ ಟಾರಿನ ಹಾಗಿದೆಯಾ? ವಾಂತಿ ಇದೆಯಾ? ನೀರು ಕುಡಿಯುತ್ತಾಳಾ? ಕಪ್ಪಾಗಿದ್ದರೆ ಅಥವಾ ನೀರೂ ನಿಲ್ಲದಿದ್ದರೆ ಆಗಲೇ ಕರೆದುಕೊಂಡು ಬನ್ನಿ, ಇಲ್ಲದಿದ್ದರೆ ಅದೇ ಊಟ, ಸ್ವಲ್ಪ ಕಡಿಮೆ, ಜಾಸ್ತಿ ಸಲ. "ಒಂದು ದಿನದ ನಂಬರ್ ನೋಡಬೇಡಿ, ವಾರದ್ದು ನೋಡಿ." ಭಾನುವಾರ 3. ಮಂಗಳವಾರ 2. ಕಾರ್ಡಿನಲ್ಲಿ ಆ ಸಾಲಿನ ಪಕ್ಕ "ಹೊರಗಿನ ಫಾಲ್ಟ್, ಲೆಕ್ಕಕ್ಕಿಲ್ಲ" ಅಂತ ಬರೆದಿದ್ದೇನೆ.

ಡಿಸೆಂಬರ್ ಕೊನೆಗೆ ತೂಕ 15.3. ಬಿ12 ಮತ್ತೆ ನೋಡಿದರು, ಸರಿಗೆ ಬಂದಿತ್ತು.

ಜನವರಿ: ಹಳೆಯ ಪಾರ್ಟು ಮತ್ತೆ ಹಾಕಿ ನೋಡುವುದು

ಇದನ್ನು ಮಾಡಲು ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. "ಸರಿ ಹೋಗಿದೆಯಲ್ಲೋ, ಮತ್ತೆ ಯಾಕೆ ಕೆಣಕ್ತೀಯ?" ಅಮ್ಮ ಕೇಳಿದರು. ಕೋಳಿ ತೆಗೆದಾಗ ಸರಿ ಹೋಯಿತು ಅಂದ ಮಾತ್ರಕ್ಕೆ ಕೋಳಿಯೇ ಕಳ್ಳ ಅಂತ ಆಗುವುದಿಲ್ಲ. ಜಿಯಾರ್ಡಿಯಾ ಹೋದ ಮೇಲೆ ಕರುಳು ತಾನೇ ಚೇತರಿಸಿಕೊಂಡಿರಬಹುದು. ಅನುಮಾನದ ಟ್ರಾನ್ಸಿಸ್ಟರ್ ತೆಗೆದಾಗ ಸೆಟ್ ಓಡಿದರೆ, ಅದನ್ನೇ ಮತ್ತೆ ಬೆಸುಗೆ ಹಾಕಿ ನೋಡಬೇಕು. ಮತ್ತೆ ಕೆಟ್ಟರೆ ಮಾತ್ರ ಗ್ಯಾರಂಟಿ. ಇಲ್ಲದಿದ್ದರೆ ಸುಮ್ನೆ ಜೀವನಪೂರ್ತಿ ಅವಳಿಗೆ ಕೋಳಿ ತಪ್ಪಿಸಿದ ಹಾಗೆ.

ಸಂಕ್ರಾಂತಿ ಮುಗಿದ ಮರುದಿನ 20 ಗ್ರಾಂ ಬೇಯಿಸಿದ ಕೋಳಿ, ಬೇರೆ ಎಲ್ಲ ಹಾಗೇ. ತಟ್ಟೆಯನ್ನೂ ನುಂಗುವ ಹಾಗೆ ತಿಂದಳು. ಮೊದಲ ದಿನ 2. ಎರಡನೇ ದಿನ 3, ರಾತ್ರಿ ಗುಳುಗುಳು. ಮೂರನೇ ದಿನ 5, ಲೋಳೆ. ನಿಲ್ಲಿಸಿದೆ. ನಾಲ್ಕು ದಿನಕ್ಕೆ ಮತ್ತೆ 2.

ಇದು ನಿಜವಾದ ಅಲರ್ಜಿಯೋ, ಬರೀ ಒಗ್ಗದಿರುವುದೋ ಅಂತ ಕೇಳಿದೆ. ಊಟದ ತಟ್ಟೆಯ ಮಟ್ಟಿಗೆ ಎರಡೂ ಒಂದೇ, ತಪ್ಪಿಸಿ, ಅಂದರು.

ಎರಡು ವಾರ ಬಿಟ್ಟು ಮೊಟ್ಟೆ ನೋಡಿದೆವು. ಏನೂ ಆಗಲಿಲ್ಲ. ಕೋಳಿ ಆಗದವಳಿಗೆ ಕೋಳಿಮೊಟ್ಟೆ ಆಗುತ್ತದೆ ಅನ್ನುವುದು ಅಮ್ಮನಿಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಫೆಬ್ರವರಿ. ತೂಕ 15.9

ಈಗ ನಿಧಾನಕ್ಕೆ ಮೀನಿನ ಪ್ಯಾಕೆಟ್ ಊಟಕ್ಕೆ ಬದಲಾಗುತ್ತಿದ್ದೇವೆ. ಒಂದು ವಾರದಲ್ಲಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಪ್ಯಾಕೆಟ್ ಹುಡುಕುವುದರಲ್ಲೇ ಎರಡು ಭಾನುವಾರ ಹೋಯಿತು. ಮುಂದೆ ದೊಡ್ಡ ಮೀನಿನ ಚಿತ್ರ, ಹಿಂದೆ ಸಣ್ಣ ಅಕ್ಷರದಲ್ಲಿ ಚಿಕನ್ ಮೀಲ್, ಚಿಕನ್ ಫ್ಯಾಟ್. ಐದು ಪ್ಯಾಕೆಟ್ ತಿರುಗಿಸಿ ನೋಡಿದೆ, ನಾಲ್ಕರಲ್ಲಿ ಕೋಳಿ. ಅಂಗಡಿಯ ಹುಡುಗ "ಸಾರ್, ಇದು ಫಿಶ್ ಸಾರ್" ಅಂತ ಹೇಳುತ್ತಲೇ ಇದ್ದ. ಕನ್ನಡಕ ತೆಗೆದುಕೊಂಡು ಹೋಗಿ.

ಮೊನ್ನೆ ಮೂರು ತಿಂಗಳ ಜಂತಿನ ಮಾತ್ರೆಯ ದಿನ ಬಂತು. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟದ್ದನ್ನು ಮನೆಗೆ ತಂದು ಸುತ್ತಲೂ ಓದಿದೆ. ಚಿಕನ್ ಫ್ಲೇವರ್. ವಾಪಸ್ ಕೊಟ್ಟು ಸಾದಾ ಮಾತ್ರೆ ತಂದೆ. ಮೀನಿನ ಒಳಗಿಟ್ಟು ಕೊಟ್ಟೆ. ಜೀರಿಗೆ ಮೀನು ತಿಂದು ಮಾತ್ರೆಯನ್ನು ಮೂರು ಸಲ ಉಗಿದಳು. ನಾಲ್ಕನೇ ಸಲ ಅಮ್ಮ ಕೆಳಗಿನಿಂದಲೇ "ಅನ್ನದ ಉಂಡೆ ಕಟ್ಟಿ ಗಂಟಲಿಗೆ ಹಾಕೋ" ಅಂದರು. ಹೋಯಿತು. ಇವತ್ತು 2.